ರಿಟೈರ್ ಆದ ಮೇಲೆ ನೋಡಿಕೊಳ್ಳೋಣ ಅನ್ನಬೇಡಿ ಮೇಷ್ಟ್ರೇ

ಪ್ರಶ್ನೆ: ನನಗೆ 58 ವರ್ಷ. ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಮೇಷ್ಟ್ರು. ನಿವೃತ್ತಿಗೆ ಇನ್ನು ಎರಡು ವರ್ಷ ಇದೆ. ಹಳೇ ಪಿಂಚಣಿಯವನಾದ್ದರಿಂದ ಊಟಕ್ಕೆ ತೊಂದರೆ ಆಗಲಾರದು. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಈಚೆಗೆ ಮಂಡಿ ನೋವು ಶುರುವಾಗಿದೆ. ಹೆಂಡತಿಗೆ 54, ಮನೆಯಲ್ಲೇ ಇರುತ್ತಾಳೆ. ಮಗ ಬೆಂಗಳೂರಿನಲ್ಲಿದ್ದಾನೆ. ‘ರಿಟೈರ್ ಆದ ತಕ್ಷಣ ಇಲ್ಲಿಗೇ ಬಂದುಬಿಡಿ, ಊರಿನ ಮನೆ ಮಾರಿ ಇಲ್ಲಿ ದೊಡ್ಡ ಫ್ಲ್ಯಾಟ್ ತೆಗೆದುಕೊಳ್ಳೋಣ’ ಅನ್ನುತ್ತಾನೆ. ನನ್ನ ಜೊತೆ ಕೆಲಸ ಮಾಡಿದವರೊಬ್ಬರು ನಿವೃತ್ತರಾಗಿ ವರ್ಷ ತುಂಬುವುದರೊಳಗೆ ತೀರಾ ಕುಗ್ಗಿಹೋದರು. ದೊಡ್ಡ ಕಾಯಿಲೆ ಏನೂ ಇರಲಿಲ್ಲ. ಅವರನ್ನು ನೋಡಿದ ಮೇಲೆ ಭಯ ಆಗಿದೆ. ವಾಕಿಂಗು, ಯೋಗ ಎಲ್ಲ ರಿಟೈರ್ ಆದ ಮೇಲೆ ಅಂದುಕೊಂಡಿದ್ದೇನೆ, ಈಗ ಪುರುಸೊತ್ತಿಲ್ಲ. ಆರೋಗ್ಯವಾಗಿ, ನೆಮ್ಮದಿಯಾಗಿ ಇರಲು ಏನು ತಯಾರಿ ಮಾಡಿಕೊಳ್ಳಬೇಕು?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಒಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ‘ಎಲ್ಲ ರಿಟೈರ್ ಆದ ಮೇಲೆ’ ಅಂದಿರಲ್ಲ, ಅದನ್ನು. ಚಿಕಿತ್ಸೆಗೆ ಅಂತ ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ 60 ದಾಟಿದವರು. 58ರಲ್ಲಿ ಇಲ್ಲದ ಅಭ್ಯಾಸವನ್ನು 61ರಲ್ಲಿ ಹೊಸದಾಗಿ ಹಿಡಿದವರು ಅವರಲ್ಲಿ ಬಹಳ ಕಡಿಮೆ. ಪುರುಸೊತ್ತು ಬಂದಾಗ ಹುಮ್ಮಸ್ಸು ಇರುವುದಿಲ್ಲ. ಆದ್ದರಿಂದ ನಿವೃತ್ತಿಯ ನಂತರ ಹೇಗೆ ಬದುಕಬೇಕು ಅಂತ ಇದೆಯೋ, ಅದನ್ನು ಈ ಎರಡು ವರ್ಷದಲ್ಲೇ ಸ್ವಲ್ಪ ಸ್ವಲ್ಪ ಶುರು ಮಾಡಿ. ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ. ಇನ್ನು ಮುಂದಿನದೆಲ್ಲ ಅದನ್ನು ಹೇಗೆ ಮಾಡುವುದು ಅನ್ನುವ ವಿಚಾರ.

ಮೊದಲು ಒಂದು ಲೆಕ್ಕ ಹಾಕಿ, ನೀವು ಗಣಿತದವರು. ಈಗ ದಿನಕ್ಕೆ ನಾಲ್ಕೈದು ಪೀರಿಯಡ್ ನಿಂತುಕೊಂಡು ಪಾಠ ಮಾಡುತ್ತೀರಿ. ಬೋರ್ಡಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತೀರಿ. ಕೈ ಎತ್ತಿ ಬರೆಯುತ್ತೀರಿ. ಬಸ್ ಸ್ಟ್ಯಾಂಡಿನಿಂದ ಶಾಲೆಗೆ ನಡೆಯುತ್ತೀರಿ, ಬೆಂಚುಗಳ ಮಧ್ಯೆ ಬಗ್ಗಿ ಮಕ್ಕಳ ನೋಟ್ಸ್ ನೋಡುತ್ತೀರಿ. ಮಧ್ಯಾಹ್ನ ಗಂಟೆ ಹೊಡೆದಾಗಲೇ ಊಟ. ಇದನ್ನು ನೀವು ವ್ಯಾಯಾಮ ಅಂತ ಎಣಿಸಿಲ್ಲ, ಆದರೆ ದೇಹ ಎಣಿಸಿದೆ. ನಿವೃತ್ತಿಯ ಮಾರನೇ ದಿನ ಇದೆಲ್ಲ ಒಟ್ಟಿಗೇ ನಿಂತುಹೋಗುತ್ತದೆ. ತಿಂಡಿ ಹತ್ತು ಗಂಟೆಗೆ ಹೋಗುತ್ತದೆ, ಊಟ ಮೂರಕ್ಕೆ. ಟಿವಿ ಮುಂದೆ ಎರಡು ಸಲ ಜಾಸ್ತಿ ಕಾಫಿ, ಜೊತೆಗೆ ಒಂದಿಷ್ಟು ಕೋಡುಬಳೆ. ಚೆನ್ನಾಗಿ ಹಿಡಿತದಲ್ಲಿದ್ದ ಸಕ್ಕರೆ ನಿವೃತ್ತಿಯಾದ ಆರು ತಿಂಗಳಲ್ಲಿ ಏರಿದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ‘ಏನೂ ಜಾಸ್ತಿ ತಿಂದಿಲ್ಲ ಡಾಕ್ಟ್ರೇ’ ಅನ್ನುತ್ತಾರೆ. ನಿಜವೇ. ತಿಂದದ್ದು ಬಹಳ ಜಾಸ್ತಿ ಆಗಿರುವುದಿಲ್ಲ, ಓಡಾಟ ಹೋಗಿರುತ್ತದೆ.

ಈಗ ಮಂಡಿ ನೋವಿಗೆ ಬರೋಣ. ರೋಗಿ ಒಳಗೆ ಬಂದು ಕೂತು, ಮಾತಾಡಿ, ಹೊರಡಲು ಏಳುತ್ತಾರಲ್ಲ, ಆಗ ನಾನು ಅವರ ಕೈ ನೋಡುತ್ತೇನೆ. ಕೆಲವರ ಎರಡೂ ಕೈ ಕುರ್ಚಿಯ ತೋಳಿನ ಮೇಲೆ ಊರಿರುತ್ತವೆ. ಮುಂದಕ್ಕೆ ಬಾಗಿ, ಒಂದು ಸಲ ಹಿಂದೆ ಮುಂದೆ ತೂಗಿ, ‘ಅಮ್ಮಾ’ ಅಂತ ಏಳುತ್ತಾರೆ. ಎದ್ದ ಮೇಲೂ ಎರಡು ಕ್ಷಣ ಅಲ್ಲೇ ನಿಲ್ಲುತ್ತಾರೆ. ‘ಮಂಡಿ ಸವೆದಿದೆ’ ಅಂತ ಅವರೇ ಹೇಳುತ್ತಾರೆ. ಮಂಡಿ ಸ್ವಲ್ಪ ಸವೆದಿರಬಹುದು. ಆದರೆ ಅದಕ್ಕಿಂತ ಜಾಸ್ತಿ ಸೋತಿರುವುದು ತೊಡೆಯ ಸ್ನಾಯು. ನಮ್ಮ ಸ್ನಾಯು ನಡುವಯಸ್ಸಿನಿಂದಲೇ ನಿಧಾನಕ್ಕೆ ಕರಗುತ್ತಾ ಬರುತ್ತದೆ, 60ರ ನಂತರ ಇನ್ನೂ ಜೋರಾಗಿ ಕರಗುತ್ತದೆ. ತೂಕದ ಯಂತ್ರದಲ್ಲಿ ಇದು ಕಾಣುವುದಿಲ್ಲ, ಯಾಕೆಂದರೆ ಸ್ನಾಯು ಹೋದ ಜಾಗಕ್ಕೆ ಕೊಬ್ಬು ಬಂದಿರುತ್ತದೆ. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಯ ಮೇಲಿನ ಭಾರ ಇಳಿಯುತ್ತದೆ, ನೋವೂ ಕಡಿಮೆಯಾಗುತ್ತದೆ. ನೋವು ಅಂತ ಕಾಲನ್ನು ಸುಮ್ನೆ ಬಿಟ್ಟರೆ ಸ್ನಾಯು ಇನ್ನಷ್ಟು ಸೋಲುತ್ತದೆ.

ನಾಳೆ ಸ್ಟಾಫ್ ರೂಮಿನಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ತೋಳಿಲ್ಲದ, ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಒರಗಿಸಿ ಇಡಿ. ಎರಡೂ ಕೈಯನ್ನು ಎದೆಯ ಮೇಲೆ ಕಟ್ಟಿಕೊಳ್ಳಿ. ಪೂರ್ತಿ ಎದ್ದು ನಿಲ್ಲಿ, ಪೂರ್ತಿ ಕೂರಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಏಳಲು ಆಗುತ್ತದೆ ಅಂತ ಎಣಿಸಿ. 60ರಿಂದ 64 ವಯಸ್ಸಿನ ಗಂಡಸರು 14 ಸಲವಾದರೂ ಏಳಬೇಕು, ಹೆಂಗಸರು 12 ಸಲ. ನೀವು ಇನ್ನೂ 58, ಅದಕ್ಕಿಂತ ಒಂದೆರಡು ಜಾಸ್ತಿಯೇ ಬರಬೇಕು. ಕಡಿಮೆ ಬಂದರೆ ಗಾಬರಿ ಬೇಡ, ಆ ಪರೀಕ್ಷೆಯೇ ಔಷಧಿ. ದಿನ ಬಿಟ್ಟು ದಿನ ಹತ್ತು ಸಲ ಎದ್ದು ಕೂರಿ, ಒಂದು ನಿಮಿಷ ಬಿಟ್ಟು ಮತ್ತೆ ಹತ್ತು, ಮತ್ತೆ ಹತ್ತು. ಅದರ ಜೊತೆ ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಗೋಡೆಗೆ ಕೈ ಕೊಟ್ಟು ದಂಡ ಹೊಡೆಯಿರಿ. ಕೊನೆಗೆ ಗೋಡೆ ಪಕ್ಕ ಒಂಟಿ ಕಾಲಿನಲ್ಲಿ ನಿಲ್ಲಿ, ಎರಡೂ ಕಾಲು. ಎಲ್ಲ ಸೇರಿ ಇಪ್ಪತ್ತು ನಿಮಿಷ. ಜಿಮ್ ಬೇಕಾಗಿಲ್ಲ. ಎದೆ ನೋವು, ಬಿಗಿತ, ವಿಪರೀತ ಉಬ್ಬಸ ಬರುವವರು ಮಾತ್ರ ಮೊದಲು ವೈದ್ಯರಿಗೆ ತೋರಿಸಿ ಆಮೇಲೆ ಶುರು ಮಾಡಬೇಕು.

ನಡಿಗೆ ಬೇಡವೇ ಅಂದರೆ, ಖಂಡಿತ ಬೇಕು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ ಇರಲಿ ಅನ್ನುತ್ತದೆ. ಅದರ ಜೊತೆಗೆ ಸ್ನಾಯು ಗಟ್ಟಿ ಮಾಡುವ ಕೆಲಸ ವಾರಕ್ಕೆ ಎರಡು ದಿನವಾದರೂ ಇರಬೇಕು, 65 ದಾಟಿದವರು ಸಮತೋಲನದ ಅಭ್ಯಾಸವನ್ನೂ ವಾರಕ್ಕೆ ಮೂರು ದಿನ ಮಾಡಬೇಕು ಅನ್ನುತ್ತದೆ. ನಮ್ಮ ಜನ ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡಿದ್ದಾರೆ. ಬೆಳಿಗ್ಗೆ ಪಾರ್ಕಿನಲ್ಲಿ ಮಾತಾಡುತ್ತಾ ನಾಲ್ಕು ಸುತ್ತು ಹಾಕಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ನಡಿಗೆ ಹೃದಯಕ್ಕೆ ಒಳ್ಳೆಯದು, ಸಕ್ಕರೆಗೆ ಒಳ್ಳೆಯದು. ಆದರೆ ನೆಲದಿಂದ ಎದ್ದೇಳುವ ಶಕ್ತಿ ಅದರಿಂದ ಮಾತ್ರ ಬರುವುದಿಲ್ಲ. ‘ಈ ವಯಸ್ಸಲ್ಲಿ ಸ್ನಾಯು ಎಲ್ಲಿ ಬೆಳೆಯುತ್ತೆ’ ಅಂತ ಕೇಳುವವರಿಗೆ ನಾನು ಒಂದು ಹಳೇ ಅಧ್ಯಯನದ ವಿಷಯ ಹೇಳುತ್ತೇನೆ. ಅಮೆರಿಕದ ಬಾಸ್ಟನ್ನಿನಲ್ಲಿ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿದ್ದ, 90ರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನ ವ್ಯಾಯಾಮ ಮಾಡಿಸಿದರು. 1990ರಲ್ಲಿ ಅದರ ವರದಿ ಬಂತು. ಕಾಲಿನ ಶಕ್ತಿ ಎರಡು ಪಟ್ಟಿಗೂ ಮೀರಿ ಏರಿತ್ತು. 90ರಲ್ಲಿ ಆದದ್ದು 58ರಲ್ಲಿ ಆಗುವುದಿಲ್ಲವೇ?

ಸ್ನಾಯು ಬೆಳೆಯಬೇಕಾದರೆ ಊಟದಲ್ಲಿ ಪ್ರೋಟೀನ್ ಇರಬೇಕು. ನಮ್ಮ ಕಡೆ ಊಟದ ತೊಂದರೆ ಎಲ್ಲಿದೆ ಅಂದರೆ, ಸಾರು ಜಾಸ್ತಿ, ಕಾಳು ಕಡಿಮೆ. ಮುದ್ದೆಗೆ ಬಸ್ಸಾರು ಮಾಡಿದಾಗ ಕಟ್ಟನ್ನು ಸಾರು ಮಾಡಿಕೊಂಡು ಉಣ್ಣುತ್ತೇವೆ, ಬಸಿದ ಕಾಳು-ಸೊಪ್ಪಿನ ಪಲ್ಯ ತಟ್ಟೆಯ ಮೂಲೆಯಲ್ಲಿ ಎರಡು ಚಮಚ. ಪ್ರೋಟೀನ್ ಇರುವುದೇ ಆ ಪಲ್ಯದಲ್ಲಿ! ವಯಸ್ಸಾದವರಿಗೆ ದೇಹದ ತೂಕದ ಒಂದೊಂದು ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 65 ಕಿಲೋ ಇರುವವರಿಗೆ ದಿನಕ್ಕೆ 65ರಿಂದ 78 ಗ್ರಾಂ. ಎರಡು ಮೊಟ್ಟೆಯಲ್ಲಿ 12 ಗ್ರಾಂ. ಹಾಲು ಮೊಸರು ಸೇರಿ ಅರ್ಧ ಲೀಟರಿಗೆ 16. ಬೇಳೆ, ಹುರುಳಿ, ಅವರೆ, ಅಲಸಂದೆ ಯಾವುದಾದರೂ ಸರಿ, ಒಣಗಿದ್ದು 75 ಗ್ರಾಂ ಬೇಯಿಸಿದರೆ 16ಕ್ಕೆ ಕಡಿಮೆ ಇಲ್ಲ. ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 6-7. ಉಳಿದದ್ದು ರಾಗಿ, ಅಕ್ಕಿ, ಗೋಧಿಯಿಂದ ಬರುತ್ತದೆ. ಮೊಟ್ಟೆ ತಿನ್ನದವರು ಕಾಳು, ಮೊಸರು ಜಾಸ್ತಿ ಮಾಡಿಕೊಳ್ಳಬೇಕು. ಇದನ್ನು ಮೂರು ಹೊತ್ತಿಗೂ ಹಂಚಿ ತಿನ್ನಿ. ಸಕ್ಕರೆ ಕಾಯಿಲೆ ಇರುವುದರಿಂದ ಮೂತ್ರಪಿಂಡದ ಪರೀಕ್ಷೆ ಒಂದು ಸಲ ಮಾಡಿಸಿಕೊಂಡು, ಅದು ಸರಿ ಇದ್ದರೆ ಈ ಲೆಕ್ಕ ಹಿಡಿಯಿರಿ. ಇನ್ನೊಂದು ವಿಷಯ. ರಾಗಿ ಮುದ್ದೆ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲ ಅನ್ನುವ ನಂಬಿಕೆ ನಮ್ಮ ಸೀಮೆಯಲ್ಲಿ ಗಟ್ಟಿಯಾಗಿದೆ. ರಾಗಿಯಲ್ಲಿ ಸುಣ್ಣದಂಶ ಬಹಳ ಇದೆ, ನಾರು ಇದೆ, ಒಳ್ಳೆಯ ಧಾನ್ಯ. ಆದರೂ ಅದು ಹಿಟ್ಟೇ, ಸಕ್ಕರೆ ಏರಿಸುತ್ತದೆ. ಒಂದು ಮುದ್ದೆ ಸಾಕು.

ಒಂಬತ್ತು ವರ್ಷದಿಂದ ಮೆಟ್‌ಫಾರ್ಮಿನ್ ಅಂದಿರಿ. ಒಳ್ಳೆಯ ಮಾತ್ರೆ, ನೀವಾಗಿ ನಿಲ್ಲಿಸಬೇಡಿ. ಆದರೆ ಅದನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುವುದುಂಟು. ಮಾಂಸ, ಮೊಟ್ಟೆ ತಿನ್ನದವರಲ್ಲಿ ಇನ್ನೂ ಜಾಸ್ತಿ. ಪಾದ ಜೋಮು ಹಿಡಿದಂತಾಗುವುದು, ನಡೆಯುವಾಗ ಸಮತೋಲನ ತಪ್ಪುವುದು, ಸುಸ್ತು, ಮರೆವು ಎಲ್ಲವೂ ಇದರಿಂದ ಬರಬಹುದು. ‘ವಯಸ್ಸಾಯಿತು, ಮರೆವು ಸಹಜ’ ಅಂತ ಸುಮ್ಮನಾಗುತ್ತೇವೆ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಮಾತ್ರೆಯಲ್ಲೋ ಇಂಜೆಕ್ಷನ್ನಿನಲ್ಲೋ ಸರಿಹೋಗುತ್ತದೆ.

ಮರೆವಿನ ಭಯ ಎಲ್ಲರಿಗೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ 14 ಕಾರಣಗಳ ಪಟ್ಟಿ ಕೊಟ್ಟಿತು. ಅವನ್ನೆಲ್ಲ ಸರಿಪಡಿಸಿದರೆ ಪ್ರಪಂಚದ ಮರೆಗುಳಿ ಕಾಯಿಲೆಯಲ್ಲಿ ಸುಮಾರು 45% ತಡೆಯಬಹುದು ಅಥವಾ ಮುಂದೂಡಬಹುದು ಅನ್ನುವುದು ಅವರ ಅಂದಾಜು. ಬಿಪಿ, ಸಕ್ಕರೆ, ಕೆಟ್ಟ ಕೊಲೆಸ್ಟ್ರಾಲ್, ಸಿಗರೇಟು, ಕುಡಿತ, ಕೂತೇ ಇರುವುದು, ಒಂಟಿತನ ಎಲ್ಲ ಅದರಲ್ಲಿವೆ. ಜನ ಊಹಿಸದ ಎರಡು ಕಾರಣಗಳೂ ಇವೆ: ಕಿವಿ ಕೇಳಿಸದಿರುವುದು, ಕಣ್ಣು ಮಂಜಾದರೂ ಚಿಕಿತ್ಸೆ ಮಾಡಿಸದಿರುವುದು. ಕಿವಿ ಮಂದವಾದವರು ನಾಲ್ಕು ಜನರ ಮಧ್ಯೆ ಮಾತಾಡುವುದನ್ನು ಬಿಡುತ್ತಾರೆ, ಆಮೇಲೆ ನಾಲ್ಕು ಜನ ಸೇರುವ ಕಡೆ ಹೋಗುವುದನ್ನೇ ಬಿಡುತ್ತಾರೆ. ಕನ್ನಡಕ ಹಾಕಲು ನಾಚದ ನಾವು ಕಿವಿ ಯಂತ್ರಕ್ಕೆ ಯಾಕೆ ನಾಚಬೇಕು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿ ಜನರ ಮಿದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಡೆಸುತ್ತಿದ್ದಾರೆ. ಅವರು ಆರಿಸಿಕೊಂಡದ್ದು 45 ದಾಟಿದವರನ್ನು. ಮಿದುಳಿನಲ್ಲಿ ಬದಲಾವಣೆ ಮರೆವು ಕಾಣುವ ಎಷ್ಟೋ ವರ್ಷ ಮೊದಲೇ ಶುರುವಾಗಿರುತ್ತದೆ. ಅದಕ್ಕೇ ಈಗಲೇ ಅನ್ನುತ್ತಿರುವುದು.

ಬೀಳುವುದರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸೊಂಟದ ಮೂಳೆ ಮುರಿದುಕೊಂಡು ಬಂದವರನ್ನು ಕೇಳಿದರೆ ಮತ್ತೆ ಮತ್ತೆ ಸಿಗುವ ಉತ್ತರ ಒಂದೇ: ರಾತ್ರಿ, ಬಚ್ಚಲಮನೆ, ಒದ್ದೆ ನೆಲ. ಹಿಡಿದುಕೊಳ್ಳಲು ಗೋಡೆಗೆ ಒಂದು ಸ್ಟೀಲ್ ಹಿಡಿಕೆ, ರಾತ್ರಿಯಿಡೀ ಉರಿಯುವ ಸಣ್ಣ ದೀಪ, ಜಾರದ ನೆಲ. ಮನೆಗೆ ಬಣ್ಣ ಹೊಡೆಸುವ ಮೊದಲು ಇದನ್ನು ಮಾಡಿಸಿ. ಹಾಸಿಗೆಯಿಂದ ಎದ್ದ ತಕ್ಷಣ ನಡೆಯಬೇಡಿ, ಒಂದು ನಿಮಿಷ ಕೂತು ಏಳಿ. ನಿದ್ರೆ ಬರಲಿಲ್ಲ ಅಂತ ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ಕೇಳಿ ತರಬೇಡಿ. ಅದರ ಮಂಪರಿನಲ್ಲಿ ಬಿದ್ದವರು ಬಹಳ ಜನ.

ಈಗ ನಿಮ್ಮ ಸಹೋದ್ಯೋಗಿಯ ವಿಷಯ. ಅವರನ್ನು ನೋಡದೆ ಇಂಥದ್ದೇ ಅಂತ ಹೇಳಲಾರೆ. ಆದರೆ ಕಾರಣವಿಲ್ಲದೆ ತೂಕ ಇಳಿದರೆ ಅದನ್ನು ‘ವಯಸ್ಸು’ ಅಂತ ಬಿಡುವಂತಿಲ್ಲ. ಥೈರಾಯ್ಡ್, ಕ್ಷಯ, ಸಕ್ಕರೆ, ಇನ್ನೂ ದೊಡ್ಡದು, ಎಲ್ಲ ನೋಡಬೇಕು. ಎಲ್ಲ ಸರಿಯಿದ್ದರೆ ಖಿನ್ನತೆ ಇದೆಯಾ ಅಂತ ಕೇಳಬೇಕು. ವಯಸ್ಸಾದವರು ‘ನನಗೆ ಬೇಜಾರಾಗಿದೆ’ ಅಂತ ಬಾಯಿಬಿಟ್ಟು ಹೇಳುವುದು ಅಪರೂಪ. ಹೊಟ್ಟೆ ಹಸಿಯಲ್ಲ, ಬೆಳಗಿನ ಜಾವ ಮೂರಕ್ಕೇ ಎಚ್ಚರ, ಮೈಯೆಲ್ಲ ನೋವು, ಯಾರ ಮನೆಗೂ ಹೋಗಬೇಕು ಅನಿಸಲ್ಲ ಅನ್ನುತ್ತಾರೆ. ಎರಡು ವಾರಕ್ಕಿಂತ ಜಾಸ್ತಿ ಹೀಗಿದ್ದರೆ ಚಿಕಿತ್ಸೆ ಬೇಕು, ಚಿಕಿತ್ಸೆಗೆ ಗುಣವೂ ಆಗುತ್ತದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಸಹೋದ್ಯೋಗಿಯನ್ನು ಒಮ್ಮೆ ನೀವೇ ಹೋಗಿ ನೋಡಿ ಬನ್ನಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ನಿವೃತ್ತಿಯಲ್ಲಿ ಮನಸ್ಸಿಗೆ ಪೆಟ್ಟು ಬೀಳುವುದು ಕೆಲಸ ಹೋದದ್ದಕ್ಕಲ್ಲ ಅಂತ ನನಗೆ ಅನಿಸುತ್ತದೆ. ‘ಇವತ್ತು ಯಾಕೆ ಬರಲಿಲ್ಲ’ ಅಂತ ಕೇಳುವವರು ಯಾರೂ ಇಲ್ಲದೆ ಹೋಗುತ್ತಾರಲ್ಲ, ಅದಕ್ಕೆ. ಆದ್ದರಿಂದ ಹವ್ಯಾಸ ಇಟ್ಟುಕೊಳ್ಳಿ ಅಂತ ಹೇಳಿ ಸುಮ್ಮನಾಗಲಾರೆ. ನೀವು ಹೋಗದಿದ್ದರೆ ಯಾರಾದರೂ ಫೋನ್ ಮಾಡಿ ಕೇಳುವಂಥ ಒಂದು ಕೆಲಸ ಹಿಡಿಯಿರಿ. ನಿಮ್ಮ ಅದೃಷ್ಟ, ನೀವು ಗಣಿತದ ಮೇಷ್ಟ್ರು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಹೆದರುವ ಮಕ್ಕಳು ಪ್ರತಿ ಊರಿನಲ್ಲೂ ಇದ್ದಾರೆ. ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಗ್ರಂಥಾಲಯಕ್ಕೆ, ಈಗಲೇ ಹೋಗಿ ಮೇಲ್ವಿಚಾರಕರನ್ನು ಕೇಳಿ, ಶನಿವಾರ ಮಧ್ಯಾಹ್ನದ ಮೇಲೆ ಒಂದು ಗಂಟೆ ಐದಾರು ಮಕ್ಕಳನ್ನು ಕೂರಿಸಿಕೊಳ್ಳಿ. ಎರಡು ವರ್ಷ ಕಳೆಯುವಷ್ಟರಲ್ಲಿ ಅದು ಊರಿನವರಿಗೆ ಅಭ್ಯಾಸವಾಗಿರುತ್ತದೆ. ನಿವೃತ್ತಿಯ ಮಾರನೇ ವಾರವೂ ಮಕ್ಕಳು ಬಂದು ಕಾಯುತ್ತಿರುತ್ತಾರೆ. ಊರಿನಲ್ಲಿ ನೀವು ಸಾಯುವ ತನಕ ಮೇಷ್ಟ್ರೇ. ಬೇರೆ ಕಚೇರಿಗಳಲ್ಲಿ ದುಡಿದವರಿಗೆ ಈ ಭಾಗ್ಯ ಇಲ್ಲ.

ಮಗನ ಮಾತಿಗೆ ಉತ್ತರ ಇಲ್ಲೇ ಇದೆ. ಅವನು ಪ್ರೀತಿಯಿಂದಲೇ ಕರೆಯುತ್ತಿದ್ದಾನೆ, ಅನುಮಾನ ಬೇಡ. ಆದರೆ ಬೆಂಗಳೂರಿನ ಫ್ಲ್ಯಾಟಿನಲ್ಲಿ ಬೆಳಿಗ್ಗೆ ಎಂಟಕ್ಕೆ ಮಗ-ಸೊಸೆ ಹೊರಟರೆ ರಾತ್ರಿಯವರೆಗೆ ನೀವಿಬ್ಬರೇ. ಈ ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಅಲ್ಲೇ ಇದ್ದು ನೋಡಿ. ನೆಂಟರ ಹಾಗೆ ಇರಬೇಡಿ. ತರಕಾರಿ ತನ್ನಿ, ಅಲ್ಲಿನ ವೈದ್ಯರಿಗೆ ತೋರಿಸಿ, ಪಕ್ಕದ ಮನೆಯವರ ಪರಿಚಯ ಮಾಡಿಕೊಳ್ಳಿ. ಹೊಂದಿಕೆಯಾದರೂ ನಿವೃತ್ತಿಯಾದ ಮೊದಲ ವರ್ಷ ಊರಿನ ಮನೆ ಮಾರಬೇಡಿ. ಮಕ್ಕಳ ಹೆಸರಿಗೆ ದಾನಪತ್ರ ಮಾಡುವ ಮಾತು ಬಂದರೆ ವಕೀಲರನ್ನು ಕೇಳದೆ ಸಹಿ ಹಾಕಬೇಡಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ನೋಡಿಕೊಳ್ಳದಿದ್ದಾಗ ವಾಪಸ್ ಪಡೆಯಬಹುದು. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬೇಕು. ಆ ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸಿರುವುದು ಕ್ಷೇಮ. ಎಲ್ಲಕ್ಕಿಂತ ಒಳ್ಳೆಯದು, ಮನೆ ನಿಮ್ಮ ಹೆಸರಿನಲ್ಲೇ ಇರಲಿ, ವಿಲ್ ಬರೆದಿಡಿ.

ದುಡ್ಡಿನಲ್ಲಿ ನಾನು ತಜ್ಞ ಅಲ್ಲ. ಆರೋಗ್ಯಕ್ಕೆ ತಗಲುವಷ್ಟನ್ನು ಮಾತ್ರ ಹೇಳುತ್ತೇನೆ. ಈಗ ನೌಕರನಾಗಿ ಸಿಗುವ ವೈದ್ಯಕೀಯ ಸೌಲಭ್ಯ ನಿವೃತ್ತಿಯ ನಂತರವೂ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ನಿಮಗೂ ಮನೆಯವರಿಗೂ ಆರೋಗ್ಯ ವಿಮೆ ಈಗಲೇ ಮಾಡಿಸಿ. ಮೊದಲೇ ಇರುವ ಕಾಯಿಲೆಗೆ ವಿಮೆ ಕಂಪನಿಗಳು ಕಾಯಿಸುವ ಅವಧಿ 2024ರಿಂದ ಹೆಚ್ಚೆಂದರೆ ಮೂರು ವರ್ಷ. ಈಗ ಮಾಡಿಸಿದರೆ 61ಕ್ಕೆ ಅದು ಮುಗಿಯುತ್ತದೆ, 60ರಲ್ಲಿ ಮಾಡಿಸಿದರೆ 63. ಸಕ್ಕರೆ ಇರುವುದನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಆಸ್ಪತ್ರೆ ಬಿಲ್ ಕೊಡುವ ಹೊತ್ತಿನಲ್ಲೇ ತಕರಾರು ಬರುತ್ತದೆ. ಸೇವಾ ಪುಸ್ತಕದಲ್ಲಿ ಹೆಸರು, ದಿನಾಂಕ, ನಾಮಿನಿ ಎಲ್ಲ ಸರಿ ಇದೆಯಾ ಈಗಲೇ ನೋಡಿ. ಪಿಂಚಣಿ ಕಾಗದ ತಡವಾಗಿ ನಿದ್ದೆಗೆಟ್ಟು ಬಿಪಿ ಏರಿಸಿಕೊಂಡವರೂ ನನ್ನ ಹತ್ತಿರ ಬರುತ್ತಾರೆ.

ಗ್ರಾಚ್ಯುಟಿ, ಕಮ್ಯುಟೇಶನ್ (ಪಿಂಚಣಿಯ ಒಂದು ಭಾಗವನ್ನು ಮೊದಲೇ ಒಟ್ಟಿಗೆ ಪಡೆಯುವುದು), ಕೆಜಿಐಡಿ (ಸರ್ಕಾರಿ ನೌಕರರ ವಿಮೆ) ಅಂತ ಒಟ್ಟಿಗೆ ದುಡ್ಡು ಬಂದಾಗ ಕೇಳುವವರು ಜಾಸ್ತಿ ಆಗುತ್ತಾರೆ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರ ಏಪ್ರಿಲ್‌ನಿಂದ 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. ಬ್ಯಾಂಕಿನಲ್ಲಿಟ್ಟರೆ ಒಂದು ಬ್ಯಾಂಕಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳ ಠೇವಣಿಗೆ ಆ ವಿಮೆ ಇಲ್ಲ. ಒಂದೂವರೆ ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ಜೀವಮಾನದ ಗಂಟು ಅಲ್ಲಿಡಬೇಡಿ. ‘ಡಿಜಿಟಲ್ ಅರೆಸ್ಟ್’ ಅಂತ ಯಾರಾದರೂ ವೀಡಿಯೊ ಕರೆ ಮಾಡಿ ಹೆದರಿಸಿದರೆ ಕರೆ ಕಟ್ ಮಾಡಿ. ಅಂಥದ್ದು ಕಾನೂನಿನಲ್ಲೇ ಇಲ್ಲ. ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು.

ನಿಮ್ಮ ಪತ್ರದಲ್ಲಿ ಮನೆಯವರ ಬಗ್ಗೆ ಒಂದೇ ಸಾಲು ಇದೆ. ನನಗೆ ಅದು ಸಾಲದು ಅನಿಸಿತು. ನಿಮಗೆ 60ಕ್ಕೆ ನಿವೃತ್ತಿ, ಅವರಿಗೆ ಯಾವಾಗ? ನೀವು ಮನೆಯಲ್ಲಿ ಕೂತ ದಿನದಿಂದ ಅವರ ಕೆಲಸ ಜಾಸ್ತಿಯಾಗುತ್ತದೆ. ಹನ್ನೊಂದಕ್ಕೊಂದು ಕಾಫಿ, ಮಧ್ಯಾಹ್ನ ಬಿಸಿ ಊಟ, ನಾಲ್ಕಕ್ಕೆ ಮತ್ತೆ ಕಾಫಿ. ಇಷ್ಟು ವರ್ಷ ಹಗಲು ಹೊತ್ತು ಅವರದೇ ಆಗಿತ್ತು. ಕಾಫಿ ಮಾಡುವುದು, ಅನ್ನ ಇಡುವುದು, ಒಂದು ಸಾರು ಮಾಡುವುದು ಈಗಲೇ ಕಲಿಯಿರಿ. ಅವರ ದೇಹಕ್ಕೂ ಇದು ಎಚ್ಚರದ ವಯಸ್ಸು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಟೊಳ್ಳಾಗುತ್ತದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರ ತಟ್ಟೆಯಲ್ಲಿ ಕಾಳು, ಮೊಸರು ಉಳಿದಿರುವುದೇ ಇಲ್ಲ. ಒಟ್ಟಿಗೆ ಕೂತು ಊಟ ಮಾಡಿ, ಆಗ ಕಣ್ಣಿಗೆ ಬೀಳುತ್ತದೆ. ಕುರ್ಚಿ ವ್ಯಾಯಾಮ ಇಬ್ಬರೂ ಸೇರಿ ಮಾಡಿ. ಅವರ ಬಿಪಿ, ಸಕ್ಕರೆ, ಥೈರಾಯ್ಡ್, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾಡಿಸಿ. ಬ್ಯಾಂಕ್ ಪಾಸ್‌ಬುಕ್ ಎಲ್ಲಿದೆ, ಕುಟುಂಬ ಪಿಂಚಣಿ ಅಂದರೆ ಏನು, ಎಟಿಎಂ ಹೇಗೆ ಬಳಸಬೇಕು, ಇದೆಲ್ಲ ಅವರಿಗೆ ಗೊತ್ತಿರಲಿ.

ಈ ತಿಂಗಳು ಒಂದು ದಿನ ರಜೆ ಹಾಕಿ ಇಬ್ಬರೂ ನಿಮ್ಮ ವೈದ್ಯರ ಹತ್ತಿರ ಹೋಗಿ. ನಿಮಗೆ ಮೂರು ತಿಂಗಳ ಸರಾಸರಿ ಸಕ್ಕರೆ, ಬಿ12, ಕೊಲೆಸ್ಟ್ರಾಲ್, ಮೂತ್ರಪಿಂಡದ ರಕ್ತ ಪರೀಕ್ಷೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅನ್ನುವ ಪರೀಕ್ಷೆ ಮಾಡಿಸಿ. ಕಣ್ಣಿನ ಅಕ್ಷಿಪಟಲವನ್ನು (ರೆಟಿನಾ) ವರ್ಷಕ್ಕೊಮ್ಮೆ ನೋಡಿಸಲೇಬೇಕು, ಕಿವಿಯನ್ನೂ ಒಮ್ಮೆ. ಕೂತಾಗ, ನಿಂತಾಗ ಎರಡೂ ಹೊತ್ತು ಬಿಪಿ ನೋಡಲು ಕೇಳಿ. ಚಪ್ಪಲಿ, ಸಾಕ್ಸ್ ಬಿಚ್ಚಿ ಪಾದ ತೋರಿಸಿ, ವೈದ್ಯರು ಕೇಳದಿದ್ದರೂ ತೋರಿಸಿ. ಜ್ವರದ ಕಾಲ ಬರುವ ಮೊದಲು ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ ಯಾವಾಗ ಹಾಕಿಸಬೇಕು ಅಂತ ಅಲ್ಲೇ ವಿಚಾರಿಸಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ನೋವಿನ ಮಾತ್ರೆ, ಆಯುರ್ವೇದದ್ದು ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಡಿ. ಮಂಡಿ ನೋವಿಗೆ ಅಂತ ಅಂಗಡಿಯಲ್ಲಿ ತಂದು ನುಂಗುತ್ತಿರುವುದು ಏನಾದರೂ ಇದ್ದರೆ ಅದನ್ನು ಮೊದಲು ತೋರಿಸಿ. ಸಕ್ಕರೆ ಇರುವವರ ಮೂತ್ರಪಿಂಡಕ್ಕೆ ಆ ಮಾತ್ರೆಗಳಿಂದ ಅಪಾಯ ಜಾಸ್ತಿ.